375 ಮಂದಿಯ ಏಕಾಂತ

ಫುಕೆಟ್‌ನಲ್ಲಿ ದ್ವೀಪಯಾನ ಮಾರುವವರ ಫೋಟೊಗಳಿಗೆ ಒಂದು ಕಟ್ಟುನಿಟ್ಟಿನ ನಿಯಮವಿದೆ: ಅವುಗಳಲ್ಲಿ ಮನುಷ್ಯರು ಇರಕೂಡದು. ಹಸಿರು ನೀರು, ಸುಣ್ಣಕಲ್ಲಿನ ಬೆಟ್ಟ, ಮೂತಿಗೆ ಬಣ್ಣದ ಬಟ್ಟೆ ಸುತ್ತಿಕೊಂಡ ಒಂದೇ ಒಂದು ಮರದ ದೋಣಿ. ಹೆಚ್ಚೆಂದರೆ ನಮಗೆ ಬೆನ್ನು ಮಾಡಿ ಕೂತ ಒಬ್ಬಳು ಹುಡುಗಿ. ಅವಳು ಅಲ್ಲಿಗೆ ಯಾರ ಜೊತೆ ಬಂದಳು, ವಾಪಸ್ ಹೇಗೆ ಹೋದಳು ಎಂದು ಯಾರೂ ಕೇಳುವುದಿಲ್ಲ. ಕೆಳಗೆ ‘ಸ್ಮಾಲ್ ಗ್ರೂಪ್ ಟೂರ್, ಹದಿನೈದೇ ಜನ’ ಎಂದಿರುತ್ತದೆ. ದೊಡ್ಡ ಹಡಗಿನಲ್ಲಿ ಹೋಗುವ ಸಾಮಾನ್ಯ ಜನ ಬೇರೆ, ನಾವು ಬೇರೆ ಎಂದು ಒಂದು ದಿನದ ಮಟ್ಟಿಗೆ ನಂಬುವುದಕ್ಕೆ ತಲೆಗೆ ಇಷ್ಟು ಥಾಯ್ ಬಾತ್ ಹೆಚ್ಚು.

ನಮ್ಮವರಿಗೆ ಇದು ಬಹಳ ಬೇಗ ಒಗ್ಗಿತು. ಬೆಂಗಳೂರಿನಿಂದ ನೇರ ವಿಮಾನವಿದೆ. 2023ರ ನವೆಂಬರ್‌ನಲ್ಲಿ ಥಾಯ್ಲೆಂಡ್ ಭಾರತೀಯರಿಗೆ ವೀಸಾ ಬೇಡ ಎಂದದ್ದೇ ಸಾಕಾಯಿತು. ಮಲ್ಪೆಯಲ್ಲಿ ಸೇಂಟ್ ಮೇರಿಸ್ ದ್ವೀಪದ ಬೋಟು ತುಂಬುವ ತನಕ ಬಿಡುವುದಿಲ್ಲವೆಂದು ಕೂಗಾಡುವವರೇ ಇಲ್ಲಿ ಬೆಳಗಾಗುವ ಮೊದಲೇ ಸ್ನಾನ ಮುಗಿಸಿ, ಹೋಟೆಲಿನ ಬಾಗಿಲಲ್ಲಿ ವ್ಯಾನು ಕಾಯುತ್ತ ನಿಂತಿರುತ್ತಾರೆ.

ಜೆಟ್ಟಿಗೆ ಬಂದ ಕೂಡಲೇ ಎದೆಗೊಂದು ಬಣ್ಣದ ಸ್ಟಿಕ್ಕರ್. ಹಳದಿಯವರು ಹಳದಿ ಬಾವುಟದ ಹಿಂದೆ, ಕೆಂಪಿನವರು ಕೆಂಪಿನ ಹಿಂದೆ. ಆಮೇಲೆ ವಾಂತಿಯಾಗದಿರಲು ಒಂದು ಮಾತ್ರೆ. ಆಮೇಲೆ ಚಪ್ಪಲಿ ಬಿಚ್ಚಿಸುತ್ತಾರೆ. ದಿನವಿಡೀ ಬರಿಗಾಲು. ಚಪ್ಪಲಿ, ಬೂಟು ಎಲ್ಲ ಒಂದೇ ಬುಟ್ಟಿಗೆ. ದೇವಸ್ಥಾನದ ಬಾಗಿಲಲ್ಲಿ ಒಂದು ಕಣ್ಣು ಚಪ್ಪಲಿಯ ಮೇಲಿಟ್ಟೇ ಕೈಮುಗಿದು ಬೆಳೆದ ಜನ ನಾವು. ‘ರೀ, ನಿಮ್ಮ ಹೊಸಾ ಶೂ ಯಾರೋ ಎತ್ಕೊಂಡ್ ಹೋಗ್ತಿದಾರೆ ನೋಡ್ರೀ’ ಎಂಬ ಕೂಗಿನೊಂದಿಗೆ ಅಂಡಮಾನ್ ಸಮುದ್ರದ ಯಾನ ಆರಂಭವಾಗುತ್ತದೆ.

ಬೋಟಿನ ಮುಂಭಾಗಕ್ಕೆ ನೂಕುನುಗ್ಗಲು. ಗಾಳಿ ಅಲ್ಲಿ, ಫೋಟೊ ಅಲ್ಲಿ, ಅಲೆಗೆ ಎತ್ತಿ ಕುಕ್ಕುವುದೂ ಅಲ್ಲೇ. ಸೊಂಟನೋವಿನವರು ಹಿಂದೆ ಕೂರಬೇಕೆಂದು ಗೈಡು ಹೇಳುವಾಗ ಯಾರಿಗೂ ಸೊಂಟನೋವಿರುವುದಿಲ್ಲ. ಹತ್ತು ನಿಮಿಷದ ನಂತರ ಎಲ್ಲರಿಗೂ ಇರುತ್ತದೆ. ಎಂಜಿನ್ನಿನ ಸದ್ದಿನಲ್ಲಿ ಪಕ್ಕದವರ ಮಾತು ಕೇಳಿಸದಿದ್ದರೂ ಕನ್ನಡ ಮಾತ್ರ ಹೇಗೋ ಕೇಳಿಸಿಬಿಡುತ್ತದೆ. ‘ನೀವು ಬೆಂಗ್ಳೂರಾ? ಎಲ್ಲಿ? ಜೆ.ಪಿ. ನಗರಾನಾ! ನಾವು ಸೆವೆಂತ್ ಫೇಸು.’ ಅಲ್ಲಿಂದ ಮುಂದೆ ಕಡಲು ಎಡಗಡೆ, ದ್ವೀಪ ಬಲಗಡೆ, ನಡುವೆ ಅಪಾರ್ಟ್‌ಮೆಂಟಿನ ಮೇಂಟೆನೆನ್ಸು ಮತ್ತು ಟ್ಯಾಂಕರ್ ನೀರಿನ ದರ.

ಎಲ್ಲ ಬೋಟುಗಳ ಮೂತಿಯೂ ಒಂದೇ ಕಡೆಗೆ: ಫಿಫಿ ಲೇ ದ್ವೀಪದ ಮಾಯಾ ಬೇ. ಅದರ ಕಥೆಯನ್ನು ವ್ಯಂಗ್ಯ ಬರೆಯುವವರು ಮುಟ್ಟಲೇಬಾರದು. ಅದಾಗಲೇ ಬರೆದು ಮುಗಿಸಿದ ವ್ಯಂಗ್ಯ. ಲಿಯೊನಾರ್ಡೊ ಡಿಕಾಪ್ರಿಯೊ ನಟಿಸಿದ ‘ದಿ ಬೀಚ್’ ಇಲ್ಲಿ ಚಿತ್ರೀಕರಣಗೊಂಡು 2000ರಲ್ಲಿ ತೆರೆಗೆ ಬಂತು. ಪ್ರವಾಸಿಗರ ಕಣ್ಣಿಗೆ ಬೀಳದ ಒಂದು ಕಡಲತೀರವನ್ನು ಗುಟ್ಟಾಗಿ ಕಾಯ್ದುಕೊಳ್ಳಲು ಹೋಗಿ ಒಂದಷ್ಟು ಜನ ಬುದ್ಧಿ ಕೆಡಿಸಿಕೊಳ್ಳುವ ಕಥೆ ಅದು. ಸ್ವರ್ಗದ ಹಾಗಿದೆಯೆಂದು ಆರಿಸಿಕೊಂಡ ತೀರವೇ ಸ್ವರ್ಗಕ್ಕೆ ಸಾಲದೆಂದು ಚಿತ್ರತಂಡ ಮರಳು ಅಗೆದು ಸರಿಪಡಿಸಿತು, ತೆಂಗಿನ ಗಿಡ ನೆಟ್ಟಿತು. ಅದರ ವಿರುದ್ಧದ ವ್ಯಾಜ್ಯ ಥಾಯ್ ನ್ಯಾಯಾಲಯಗಳಲ್ಲಿ ವರ್ಷಗಟ್ಟಲೆ ನಡೆಯಿತು. ಸಿನಿಮಾ ನೋಡಿದ ಲೋಕ ಕಥೆಯನ್ನು ಅಲ್ಲೇ ಬಿಟ್ಟು ವಿಳಾಸವನ್ನಷ್ಟೇ ಬರೆದುಕೊಂಡಿತು. ದಿನಕ್ಕೆ ಐದು ಸಾವಿರದವರೆಗೆ ಜನ ಬಂದರು. ಲಂಗರುಗಳು ಹವಳವನ್ನು ಉತ್ತವು. 2018ರ ಜೂನ್‌ನಲ್ಲಿ ಸರ್ಕಾರ ಬಾಗಿಲು ಹಾಕಿತು. ನಾಲ್ಕೇ ತಿಂಗಳು ಎಂದಿದ್ದರು. ತೆರೆದದ್ದು 2022ರ ಜನವರಿಯಲ್ಲಿ.

ನಾವಿಲ್ಲದ ಆ ಮೂರೂವರೆ ವರ್ಷಗಳಲ್ಲಿ ರೆಕ್ಕೆಯ ತುದಿ ಕಪ್ಪಾದ ಶಾರ್ಕ್‌ಗಳು ಮರಿಗಳನ್ನು ಕರೆದುಕೊಂಡು ಬಂದವು. ಸಂಸಾರ ಸಮೇತ, ಸ್ಟಿಕ್ಕರ್ ಇಲ್ಲದೆ. ಆ ಕೊಲ್ಲಿ ಕಂಡ ನಿಜವಾದ ಸ್ಮಾಲ್ ಗ್ರೂಪ್ ಅವು.

ಈಗ ನಿಯಮಗಳಿವೆ. ಬೋಟುಗಳು ಕೊಲ್ಲಿಯೊಳಗೆ ಬರುವಂತಿಲ್ಲ. ದ್ವೀಪದ ಬೆನ್ನಿಗೆ ಲೋ ಸಮಾದಲ್ಲಿ ಇಳಿದು, ಮರದ ಕಾಲುದಾರಿಯಲ್ಲಿ ಸಾಲಾಗಿ ನಡೆಯಬೇಕು. ವಿದೇಶಿಯರಿಗೆ 400 ಬಾತ್ ಶುಲ್ಕ. ಈಜುವಂತಿಲ್ಲ, ನೀರು ಮೊಣಕಾಲು ದಾಟುವಂತಿಲ್ಲ, ದಾಟಿದರೆ ಸೀಟಿ. ಹವಳಕ್ಕೆ ವಿಷವಾಗುವ ಸನ್‌ಸ್ಕ್ರೀನ್ ಹಚ್ಚಿದರೆ ಒಂದು ಲಕ್ಷ ಬಾತ್‌ವರೆಗೆ ದಂಡ. ಅದಕ್ಕೇ ನಮ್ಮವರು ವ್ಯಾನಿನಲ್ಲೇ ಹಚ್ಚಿಕೊಂಡು ಬಂದಿರುತ್ತಾರೆ. ಮತ್ತೆ ತೆರೆದಾಗ ಇಟ್ಟ ಲೆಕ್ಕ ಒಂದು ಹೊತ್ತಿಗೆ 375 ಜನ. ಹದಿನೈದರಂತೆ ಭಾಗಿಸಿ: ಇಪ್ಪತ್ತೈದು ಸ್ಮಾಲ್ ಗ್ರೂಪುಗಳು. ಪ್ರತಿಯೊಂದು ಗುಂಪಿಗೂ ಮಿಕ್ಕ ಇಪ್ಪತ್ತನಾಲ್ಕನ್ನು ಕಂಡರೆ ತಾತ್ಸಾರ. ‘ಎಷ್ಟು ಜನಾರೀ ಇಲ್ಲಿ, ಥೂ!’ ಎಂದು 375 ಮಂದಿಯೂ ತಮ್ಮ ತಮ್ಮ ಭಾಷೆಯಲ್ಲಿ ಅನ್ನುವ ಆ ಒಂದು ಗಳಿಗೆಯಲ್ಲಿ ವಿಶ್ವಸಂಸ್ಥೆಯಲ್ಲೂ ಸಿಗದ ಒಮ್ಮತ ಅಲ್ಲಿರುತ್ತದೆ.

ನಿಜವಾದ ಕೆಲಸ ಶುರುವಾಗುವುದು ಇನ್ನು. ಕೊಲ್ಲಿ ನೋಡುವುದಲ್ಲ, ನಿರ್ಜನ ಕೊಲ್ಲಿಯ ಫೋಟೊ ತೆಗೆಯುವುದು. ಗಂಡ ಒದ್ದೆ ಮರಳಿನಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಾನೆ. ಮೊಬೈಲನ್ನು ತಲೆಕೆಳಗು ಹಿಡಿದು ನೆಲಕ್ಕೆ ತಾಗಿಸಿದ್ದಾನೆ. ಹಾಗೆ ಹಿಡಿದರೆ ಹಿಂದಿನ ಜನ ಮರೆಯಾಗುತ್ತಾರೆಂದು ಯಾವುದೋ ರೀಲ್ಸಿನಲ್ಲಿ ನೋಡಿದ್ದಾನೆ. ಹೆಂಡತಿ ಬೆನ್ನು ತಿರುಗಿಸಿ ದಿಗಂತ ನೋಡುತ್ತಿದ್ದಾಳೆ, ಕಿವಿಯೆಲ್ಲ ಇತ್ತ ಕಡೆ. ‘ಬಂತಾ? ಆ ಕೆಂಪು ಚಡ್ಡಿಯವನು ಹೋದ್ನಾ?’ ಕೆಂಪು ಚಡ್ಡಿಯವನು ಹೋಗುವುದಿಲ್ಲ, ಅವನೂ ತನ್ನ ಹೆಂಡತಿಯ ಏಕಾಂತ ತೆಗೆಯುತ್ತಿದ್ದಾನೆ. ಪರವಾಗಿಲ್ಲ, ಮೊಬೈಲಿನಲ್ಲೇ ಬೆರಳಾಡಿಸಿ ಅವನನ್ನು ಅಳಿಸಬಹುದು. ಅದೇ ಹೊತ್ತಿಗೆ ಅವನ ಮೊಬೈಲಿನಲ್ಲಿ ನಮ್ಮನ್ನು ಅಳಿಸಲಾಗುತ್ತಿರುತ್ತದೆ. ಸಂಜೆಯ ಹೊತ್ತಿಗೆ ಲೋಕದ ಎಲ್ಲ ಸ್ಟೇಟಸ್‌ಗಳಲ್ಲೂ ಮಾಯಾ ಬೇ ಖಾಲಿ. ಅದನ್ನು ನೋಡಿದವರು ಮರುದಿನದ ಟಿಕೆಟ್ ತೆಗೆಯುತ್ತಾರೆ.

ವಾಪಸ್ ಬರುವಾಗ ವೈಕಿಂಗ್ ಗುಹೆಯ ಮುಂದೆ ಬೋಟು ನಿಧಾನಿಸುತ್ತದೆ. ವೈಕಿಂಗರು ಅಲ್ಲಿಗೆ ಬಂದವರಲ್ಲ. ಒಳಗೆ ಗೋಡೆಯ ಮೇಲೆ ಹಡಗಿನ ಚಿತ್ರಗಳಿವೆಯಂತೆ, ನೋಡಲು ಬಿಡುವುದಿಲ್ಲ. ಏಕೆಂದರೆ ಅಲ್ಲಿ ಬಾನಾಡಿಗಳು ಜೊಲ್ಲಿನಿಂದ ಗೂಡು ಕಟ್ಟುತ್ತವೆ, ಆ ಗೂಡು ಚೀನೀ ಸೂಪಿಗೆ ಬೇಕು, ಅದಕ್ಕೆ ಚಿನ್ನದ ಬೆಲೆ. ಹಾಗಾಗಿ ಬೊಂಬಿನ ಅಟ್ಟಣಿಗೆ, ಪರವಾನಗಿ, ಹಗಲೂ ರಾತ್ರಿ ಕಾವಲು. ಹವಳದ ದುರದೃಷ್ಟವೆಂದರೆ ಅದರಿಂದ ಯಾರೂ ಸೂಪು ಮಾಡುವುದಿಲ್ಲ.

ಊಟ ಫಿಫಿ ಡಾನ್‌ನಲ್ಲಿ, 2004ರ ಸುನಾಮಿ ಗುಡಿಸಿಹಾಕಿದ ನೆಲದ ಆಸುಪಾಸಿನಲ್ಲಿ. ಸುನಾಮಿ ಬಂದರೆ ಈ ಕಡೆ ಓಡಿ ಎಂದು ಬಾಣದ ಗುರುತಿನ ಫಲಕವಿದೆ. ಜನ ಓಡುವುದು ಬಫೆಯ ಕಡೆಗೆ. ಯಾವುದರಲ್ಲಿ ಮೀನಿನ ರಸವಿಲ್ಲ ಎಂಬ ವಿಚಾರಣೆ ನಡೆಯುವಷ್ಟರಲ್ಲಿ ಸೆವೆಂತ್ ಫೇಸಿನವರ ಬ್ಯಾಗಿನಿಂದ ಚಟ್ನಿಪುಡಿ ಹೊರಬರುತ್ತದೆ.

ಜನಜಂಗುಳಿಯ ಬಗ್ಗೆ ದೂರುಗಳು ಹೆಚ್ಚಿದಂತೆ ವ್ಯಾಪಾರಿಗಳು ಸುಮ್ಮನೆ ಕೂರಲಿಲ್ಲ. ‘ಅರ್ಲಿ ಬರ್ಡ್’ ಬಂತು: ಎಲ್ಲರಿಗಿಂತ ಮುಂಚೆ ಹೊರಟು ಜನರಿಲ್ಲದಾಗ ತಲುಪಿ, ಅದಕ್ಕೆ ಇನ್ನಷ್ಟು ಬಾತ್. ಈಗ ಎಲ್ಲರೂ ಎಲ್ಲರಿಗಿಂತ ಮುಂಚೆ ಹೊರಡುತ್ತಾರೆ, ಬೆಳಗಿನ ಜಾವದ ಜೆಟ್ಟಿಯಲ್ಲಿ ಕಾಲಿಡಲು ಜಾಗವಿಲ್ಲ.

ಹವಳಕ್ಕೆ ಬಿಡುವು ಕೊಡಲೆಂದು ಪ್ರತಿ ವರ್ಷ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಮಾಯಾ ಬೇ ಪೂರ್ತಿ ಮುಚ್ಚಿರುತ್ತದೆ ಎಂದು ಗೈಡು ವಾಪಸ್ ಬರುವಾಗ ಮೈಕಿನಲ್ಲಿ ವಿವರಿಸಿದ. ಸೆವೆಂತ್ ಫೇಸಿನವರು ಗಂಭೀರವಾಗಿ ಕೇಳಿಸಿಕೊಂಡರು. ಆಮೇಲೆ ಪಕ್ಕದವರ ಕಡೆ ಬಾಗಿದರು.

‘ಹಂಗಾದ್ರೆ ಆ ಎರಡು ತಿಂಗಳು ಒಬ್ರೂ ಇರಲ್ಲ ಅಂತಾಯ್ತು. ನೆಕ್ಸ್ಟ್ ಟೈಮ್ ಆಗ್ಲೇ ಬರೋಣ ಸಾರ್. ಸ್ವಲ್ಪ ಎಕ್ಸ್‌ಟ್ರಾ ಕೊಟ್ರೆ ಬಿಡಲ್ವಾ?’