ಕಾರ್ಪೆಟ್ ರಾಯರ ಬೋಣಿ

ಸತ್ಯನಾರಾಯಣ ಪೂಜೆಗೆ ಹೋದವರು ದೇವರನ್ನು ನೋಡುತ್ತಾರೆ. ಕಥೆ ನಾಲ್ಕನೇ ಅಧ್ಯಾಯಕ್ಕೆ ಬರುವ ಹೊತ್ತಿಗೆ, ಸಪಾದ ಬಂತೇ ಎಂದು ಅಡುಗೆಮನೆಯ ಬಾಗಿಲನ್ನೂ ನೋಡುತ್ತಾರೆ. ಕಾರ್ಪೆಟ್ ರಾಯರು ನೋಡುವುದು ನೆಲವನ್ನು. ಕೂತಲ್ಲೇ ಜಮಖಾನದ ಅಂಚನ್ನು ಕಾಲ ಹೆಬ್ಬೆರಳಿನಿಂದ ಮೆಲ್ಲಗೆ ಎತ್ತಿ ಅಡಿಯಲ್ಲಿ ಇಣುಕುತ್ತಾರೆ. ಮಂಗಳಾರತಿ ಆಗುವಷ್ಟರಲ್ಲಿ ಆ ಮನೆಯ ಸೋಫಾಕ್ಕೆ ಎಷ್ಟು ಸೀಟು, ಬಟ್ಟೆಯೋ ರೆಕ್ಸಿನ್ನೋ, ಎಡಗೈ ಕಡೆಯ ಕಲೆ ಕಾಫಿಯದೋ ಮೊಮ್ಮಗನದೋ ಎಂಬ ಲೆಕ್ಕವೆಲ್ಲ ಮುಗಿದಿರುತ್ತದೆ. ತೀರ್ಥ ತೆಗೆದುಕೊಳ್ಳಲು ಚಾಚಿದ ಕೈಯಲ್ಲೇ ವಿಸಿಟಿಂಗ್ ಕಾರ್ಡೂ ಇರುತ್ತದೆ.

ಬೆಂಗಳೂರಿನಲ್ಲಿ ಬಡಾವಣೆಗೊಬ್ಬರಂತೆ ಇಂಥವರು ಸಿಗುತ್ತಾರೆ. ವಯಸ್ಸು ನಲವತ್ತೆಂಟರ ಆಚೀಚೆ. ಪೀಣ್ಯದ ಕಾರ್ಖಾನೆಯಲ್ಲಿ ಇಪ್ಪತ್ತು ಚಿಲ್ಲರೆ ವರ್ಷ ದುಡಿದು ವಿಆರ್‌ಎಸ್ ತೆಗೆದುಕೊಂಡವರು. ಬಂದ ದುಡ್ಡಿನಲ್ಲಿ ಸೈಟು ಕೊಳ್ಳೋಣ ಎಂದು ಹೆಂಡತಿ ಹೇಳಿದ್ದರು. ಆ ದುಡ್ಡಿಗೆ ಸೈಟಿನ ಮೂಲೆ ಕಲ್ಲೂ ಬರುವುದಿಲ್ಲವೆಂದು ಗೊತ್ತಾದ ಮೇಲೆ ರಾಯರು ಯಂತ್ರ ಕೊಂಡರು. ಒಂದು ಕೊಳವೆಯಲ್ಲಿ ಸೋಪಿನ ನೀರು ಚಿಮ್ಮಿಸಿ, ಇನ್ನೊಂದರಲ್ಲಿ ಕೊಳೆಯ ಸಮೇತ ಅದನ್ನು ಎಳೆದುಕೊಳ್ಳುವ ಯಂತ್ರ. ಕಂಪನಿಗೆ ಹೆಸರೂ ಸಿದ್ಧವಾಯಿತು: ಮುಂದೆ ಮಂತ್ರಾಲಯದ ಗುರುಗಳು, ಹಿಂದೆ 'ಸಲ್ಯೂಷನ್ಸ್', ನಡುವೆ ಕಾರ್ಪೆಟ್.

ಕಾಗದಪತ್ರದಲ್ಲಿ ರಾಯರನ್ನು ಮೀರಿಸುವವರಿಲ್ಲ. 2020ರ ಜುಲೈನಿಂದ ಶುರುವಾದ ಉದ್ಯಮ್ ನೋಂದಣಿಗೆ ಕಾಸು ಬೇಡ, ಆಧಾರ್, ಪ್ಯಾನ್ ಇದ್ದರೆ ಸಾಕು. ರಾತ್ರಿ ಊಟ ಮುಗಿಸಿ ಕೂತು ಮಾಡಿಸಿಕೊಂಡ ಆ ಪ್ರಮಾಣಪತ್ರ ಈಗ ದೇವರ ಮನೆಯ ಪಕ್ಕದ ಗೋಡೆಯಲ್ಲಿ ಫ್ರೇಮಿನೊಳಗಿದೆ. ಮುದ್ರಾ ಯೋಜನೆಯ 'ಶಿಶು' ವಿಭಾಗದಲ್ಲಿ 50,000 ರೂಪಾಯಿವರೆಗೆ ಅಡಮಾನವಿಲ್ಲದ ಸಾಲ ಸಿಗುತ್ತದೆಂದು ಅರ್ಜಿ ತಂದರು. ಸೇವೆ ಒದಗಿಸುವವರು ವರ್ಷಕ್ಕೆ 20 ಲಕ್ಷದ ವಹಿವಾಟು ದಾಟಿದರೆ ಜಿಎಸ್‌ಟಿ ನೋಂದಣಿ ಆಗಲೇಬೇಕೆಂದು ಓದಿ, ದಾಟಿಬಿಟ್ಟರೆ ಏನು ಗತಿ ಎಂದು ಎರಡು ರಾತ್ರಿ ನಿದ್ದೆಗೆಟ್ಟರು. ಅಷ್ಟರಲ್ಲಿ ಆಗಿದ್ದ ವಹಿವಾಟು ಸೊನ್ನೆ.

ತೊಡಕು ಇದ್ದದ್ದು ಊರಿನ ನೆಲದಲ್ಲೇ. ರಾಯರು ಕಸುಬು ಕಲಿತದ್ದು ಅಮೆರಿಕದವರ ವಿಡಿಯೋಗಳಿಂದ. ಅಲ್ಲಿ ಗೋಡೆಯಿಂದ ಗೋಡೆಗೆ ಕಾರ್ಪೆಟ್ ಬಡಿದಿರುತ್ತಾರೆ. ಎತ್ತಿ ಒಗೆಯುವ ಹಾಗಿಲ್ಲ, ಆದ್ದರಿಂದ ಯಂತ್ರವೇ ಮನೆಗೆ ಬರಬೇಕು. ಬೆಂಗಳೂರಿನಲ್ಲಿ ಮೊದಲು ಕೆಂಪು ಗಾರೆ ಇತ್ತು, ಆಮೇಲೆ ಮೊಸಾಯಿಕ್ ಬಂತು, ಈಗ ವಿಟ್ರಿಫೈಡ್ ಟೈಲ್ಸ್. ಮೂರಕ್ಕೂ ಬೇಕಾದದ್ದು ಒಂದು ಬಕೆಟ್ ನೀರು, ಒಂದು ಹಳೇ ಬನಿಯನ್ನು. ಇನ್ನು ನವಲಗುಂದದ ಜಮಖಾನವೋ, ಹೆಂಗಸರೇ ಮಗ್ಗದಲ್ಲಿ ನೇಯುವ ಗಟ್ಟಿ ಹತ್ತಿಯ ಹಾಸು. ಮನೆಯವರು ಅದನ್ನು ಕಾಂಪೌಂಡಿನ ಮೇಲೆ ಹರವಿ ಕೋಲಿನಲ್ಲಿ ನಾಲ್ಕು ಬಡಿದರೆ ಸ್ವಚ್ಛ. ಆ ಕೋಲೇ ರಾಯರ ಮೊದಲ ಪ್ರತಿಸ್ಪರ್ಧಿ ಎಂದು ಆ ವಿಡಿಯೋಗಳಲ್ಲಿ ಯಾರೂ ಹೇಳಿರಲಿಲ್ಲ. ಹದಿನೈದು ದಿನದಲ್ಲಿ ಬೋರ್ಡಿನಲ್ಲಿ 'ಕಾರ್ಪೆಟ್' ಪಕ್ಕ 'ಸೋಫಾ, ಹಾಸಿಗೆ, ಕಾರ್ ಸೀಟ್' ಎಂದೂ ಬರೆಸಿದರು. ಅಡ್ಡಹೆಸರು ಮಾತ್ರ ಕಾರ್ಪೆಟ್ಟಿಗೇ ಅಂಟಿಕೊಂಡಿತು.

ಗಿರಾಕಿ ಸಿಗದವರಿಗೆ ಇತಿಹಾಸ ಓದಲು ಪುರಸೊತ್ತು ಇರುತ್ತದೆ. ಹ್ಯೂಬರ್ಟ್ ಸೆಸಿಲ್ ಬೂತ್ ಎಂಬ ಇಂಗ್ಲಿಷ್ ಎಂಜಿನಿಯರ್ ರಾಯರ ಕುಲದೇವತೆಯಾದದ್ದು ಹೀಗೆ. ಆಗ ಇದ್ದ ಯಂತ್ರ ಧೂಳನ್ನು ಊದಿ ಹಾರಿಸುತ್ತಿತ್ತು. ಊದುವ ಬದಲು ಹೀರಿದರೆ ಹೇಗೆ ಎಂದು ಬೂತ್‌ಗೆ ಹೊಳೆಯಿತು. ಹೋಟೆಲಿನಲ್ಲಿ ಕುರ್ಚಿಯ ಮೇಲೆ ಕರವಸ್ತ್ರ ಹಾಸಿ ಬಾಯಿಂದ ಹೀರಿ, ಕೆಮ್ಮಿ ಕೆಮ್ಮಿ ಸುಸ್ತಾಗಿ, ಕೊನೆಗೆ ಬಟ್ಟೆ ತಿರುಗಿಸಿದರೆ ಅಡಿಯಲ್ಲಿ ಕಪ್ಪು ಮೆತ್ತಿತ್ತು! 1901ರಲ್ಲಿ ಪೇಟೆಂಟ್. ಕುದುರೆ ಎಳೆಯುವ ಆ ಯಂತ್ರ ಬೀದಿಯಲ್ಲೇ ನಿಲ್ಲುತ್ತಿತ್ತು, ಉದ್ದನೆಯ ಕೊಳವೆಗಳು ಕಿಟಕಿಯಿಂದ ಒಳಗೆ ಹೋಗುತ್ತಿದ್ದವು. 1902ರಲ್ಲಿ ಏಳನೇ ಎಡ್ವರ್ಡನ ಪಟ್ಟಾಭಿಷೇಕಕ್ಕೆ ವೆಸ್ಟ್‌ಮಿನ್‌ಸ್ಟರ್ ಅಬೆಯ ರತ್ನಗಂಬಳಿ ಗುಡಿಸುವ ಕೆಲಸ ಬಂತು, ಅದರ ಹಿಂದೆಯೇ ಅರಮನೆಯೂ ಯಂತ್ರ ಕೊಂಡಿತು. ದೊಡ್ಡ ಮನೆಯ ಹೆಂಗಸರು ಗೆಳತಿಯರನ್ನು ಚಹಾಕ್ಕೆ ಕರೆದು ಧೂಳು ತೆಗೆಯುವುದನ್ನು ತೋರಿಸುತ್ತಿದ್ದರಂತೆ. ಕೊಳೆ ಹರಿದು ಹೋಗುವುದು ಎಲ್ಲರಿಗೂ ಕಾಣಲೆಂದು ಬೂತ್ ಕೊಳವೆಯ ನಡುವೆ ಪಾರದರ್ಶಕ ತುಂಡು ಸೇರಿಸಿದ್ದ.

"ನೋಡಿ, ಅಲ್ಲೇ ಇರೋದು ಗುಟ್ಟು," ಎಂದು ರಾಯರು ದರ್ಶಿನಿಯಲ್ಲಿ ಬೈಟು ಕಾಫಿ ಹಿಡಿದು ಹೇಳುತ್ತಾರೆ. "ಕೊಳೆ ಕಣ್ಣಿಗೆ ಬೀಳಬೇಕು ಸ್ವಾಮಿ." ಕೇಳಿದವರು ತಲೆಯಾಡಿಸುತ್ತಾರೆ, ಕಾಫಿ ಮುಗಿಯುತ್ತದೆ, ಬಿಲ್ಲು ರಾಯರೇ ಕೊಟ್ಟಿರುತ್ತಾರೆ.

ಬೂತ್‌ಗೆ ರಾಜ ಸಿಕ್ಕ. ರಾಯರಿಗೆ ಸಿಕ್ಕದ್ದು ಪೇಪರ್ ಏಜೆಂಟು. ಎರಡು ಸಾವಿರ ಕರಪತ್ರ ದಿನಪತ್ರಿಕೆಯೊಳಗೆ ಮಡಚಿ ಹೋದವು. ಮೊದಲ ದಿನ ಮೂರು ಕರೆ ಬಂದವು: ಒಬ್ಬರು ಕಾರ್ಪೆಟ್ ಮಾರುತ್ತೀರಾ ಎಂದರು, ಇನ್ನೊಬ್ಬರು ನೀರಿನ ಟ್ಯಾಂಕು ತೊಳೆಯುತ್ತೀರಾ ಎಂದರು, ಮೂರನೆಯವರು ಕರಪತ್ರ ಮುದ್ರಿಸುವವರು, ಇನ್ನೂ ಐದು ಸಾವಿರ ಹಾಕಿಸಿದರೆ ರೇಟು ಕಮ್ಮಿ ಮಾಡುತ್ತೇನೆ ಎಂದರು. ಆ ವಾರ ಬೀದಿಯ ಕಡಲೆಕಾಯಿಯ ಗಾಡಿಯವನು ರಾಯರ ಮೊಬೈಲ್ ನಂಬರಿನಲ್ಲೇ ಪೊಟ್ಟಣ ಕಟ್ಟುತ್ತಿದ್ದ. ಲೈಟುಕಂಬಕ್ಕೆ ಭಿತ್ತಿಪತ್ರ ಅಂಟಿಸೋಣವೆಂದರೆ ಸಾರ್ವಜನಿಕ ಸ್ಥಳಗಳ ಅಂದ ಕೆಡಿಸುವುದನ್ನು ತಡೆಯುವ 1981ರ ಕಾಯ್ದೆ ಅಡ್ಡ ಬಂತು. 2018ರಲ್ಲಿ ಹೈಕೋರ್ಟ್ ನಗರದ ಅಕ್ರಮ ಫ್ಲೆಕ್ಸ್‌ಗಳನ್ನೆಲ್ಲ ಕೀಳಿಸಿದ್ದು ರಾಯರಿಗೆ ನೆನಪಿತ್ತು. ಪಿಜಿಯವರು, ಟ್ಯೂಷನ್‌ನವರು ಧೈರ್ಯವಾಗಿ ಅಂಟಿಸುತ್ತಾರೆ. ರಾಯರು ಹೆದರುತ್ತಾರೆ. ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಒಂದು ಸಂದೇಶ ಹಾಕಿದರು. 'ಜಾಹೀರಾತಿಗೆ ಅವಕಾಶವಿಲ್ಲ' ಎಂದು ಅಡ್ಮಿನ್ ಗದರಿದರು. ಅದರ ಕೆಳಗೇ ಅಡ್ಮಿನ್ನಿನ ಮನೆಯವರ ಹಪ್ಪಳ, ಸಂಡಿಗೆಯ ದರಪಟ್ಟಿ ಬಂತು.

ಉಳಿದವರು ನೆಂಟರು. 1980ರ ದಶಕದಲ್ಲಿ ಟೈ ಕಟ್ಟಿ ಮನೆಮನೆಗೆ ಬರುತ್ತಿದ್ದ ಯುರೇಕಾ ಫೋರ್ಬ್ಸ್ ಹುಡುಗರು ರಾಯರ ಕಣ್ಣಮುಂದಿದ್ದರು. ಬಾಗಿಲು ತೆರೆದವರ ಮನೆಯ ಹಾಸಿಗೆಯಿಂದಲೇ ಧೂಳು ತೆಗೆದು ತೋರಿಸಿ ಬೆರಗು ಹುಟ್ಟಿಸುವ ಜಾಣರು. ರಾಯರೂ ಹಾಗೇ ಬಸವನಗುಡಿಯ ಚಿಕ್ಕಮ್ಮನ ಮನೆಗೆ ಸ್ಕೂಟರಿನ ಕಾಲಿಡುವ ಜಾಗದಲ್ಲಿ ಯಂತ್ರ ನಿಲ್ಲಿಸಿಕೊಂಡು ಹೋದರು.

"ನಮ್ಮನೆ ಗಲೀಜು ಅಂತ ತೋರಿಸೋಕ್ ಬಂದ್ಯೇನೋ?"

"ಅಯ್ಯೋ, ಹಾಗಲ್ಲ ಚಿಕ್ಕಮ್ಮ. ಒಂದೇ ಒಂದು ಸೀಟು. ದುಡ್ಡು ಬೇಡ."

"ದಿನಾ ಒರೆಸ್ತೀನಿ ಕಣೋ ನಾನು. ನಿನ್ನ ಮಿಷಿನ್ನಿಗೆ ಏನೂ ಸಿಗಲ್ಲ ನೋಡ್ತಿರು."

ಕಸುಬಿನಲ್ಲಿ ರಾಯರು ಶುದ್ಧ. ಕಣ್ಣಿಗೆ ಬೀಳದ ಮೂಲೆಯಲ್ಲಿ ಒದ್ದೆ ಬಿಳಿ ಬಟ್ಟೆ ಉಜ್ಜಿ ಬಣ್ಣ ಬಿಡುತ್ತದೆಯೇ ನೋಡದೆ ಯಂತ್ರ ಹಚ್ಚುವುದಿಲ್ಲ. ಉಣ್ಣೆಗೆ ಕ್ಷಾರದ ಸೋಪು ತೋರಿಸುವುದಿಲ್ಲ. ಸೆಣಬಿನ ಅಡಿಹಾಸು ಇದ್ದರೆ ನೀರು ಕಮ್ಮಿ ಬಿಡುತ್ತಾರೆ, ಇಲ್ಲದಿದ್ದರೆ ಕಂದು ಮಚ್ಚೆ ಮೇಲೇಳುತ್ತದೆ. ಅಂದೂ ಎಲ್ಲ ನೇಮದಂತೆ ನಡೆಯಿತು. ಹತ್ತು ನಿಮಿಷ ಗುಂಯ್‌ಗುಟ್ಟಿದ ಮೇಲೆ ಟ್ಯಾಂಕು ಬಿಚ್ಚಿ ಬಕೆಟ್ಟಿಗೆ ಸುರಿದರು. ಬಂದದ್ದು ಹುರಿಗಡಲೆ ಬಣ್ಣದ್ದೂ ಅಲ್ಲ, ಕಾಫಿ ಬಣ್ಣದ್ದೂ ಅಲ್ಲ, ಅಪ್ಪಟ ಡಿಕಾಕ್ಷನ್.

ಬೂತ್‌ನ ಸಿದ್ಧಾಂತದ ಪ್ರಕಾರ ಚಿಕ್ಕಮ್ಮ ಈಗ ಅಕ್ಕಪಕ್ಕದವರನ್ನು ಕರೆಯಬೇಕಿತ್ತು. ಚಿಕ್ಕಮ್ಮ ಮೊದಲು ಕಿಟಕಿಯ ಪರದೆ ಎಳೆದರು. ಬಕೆಟ್ಟನ್ನು ಕೈಯಾರೆ ಹಿತ್ತಲಿಗೆ ಒಯ್ದು ಚರಂಡಿಗೆ ಚೆಲ್ಲಿ, ಎರಡು ಚೊಂಬು ನೀರು ಹೊಯ್ದು, ಸೆರಗಿಗೆ ಕೈ ಒರೆಸಿಕೊಂಡು ಬಂದರು. "ಉಳಿದಿದ್ದೂ ಮಾಡಿಬಿಡು. ಯಾರ ಹತ್ರಾನೂ ಬಾಯಿಬಿಡಬೇಡ, ನಿನ್ನ ಹೆಂಡತಿಗೂ ಹೇಳಬೇಡ." ಐದೂ ಸೀಟು ಫಳಫಳ ಹೊಳೆದವು. ದುಡ್ಡು ಬೇಡ ಎಂದದ್ದು ಒಂದೇ ಸೀಟಿಗೆ ಎಂಬುದನ್ನು ರಾಯರು ಎತ್ತಲಿಲ್ಲ, ಚಿಕ್ಕಮ್ಮ ನೆನಪಿಸಿಕೊಳ್ಳಲಿಲ್ಲ. ಆರಲು ಆರೇಳು ಗಂಟೆ ಬೇಕು, ಫ್ಯಾನ್ ಹಾಕಿಡಿ ಎಂದು ಹೇಳಿ ಹೊರಟರು. ಅಷ್ಟರಲ್ಲಿ ವಾಕಿಂಗ್ ಮುಗಿಸಿ ಬಂದ ಚಿಕ್ಕಪ್ಪ ಇಸ್ತ್ರಿ ಮಾಡಿದ ಪಂಚೆಯಲ್ಲಿ ನೆಟ್ಟಗೆ ಹೋಗಿ ಕೂತದ್ದೂ, ಕೂತಷ್ಟೇ ವೇಗದಲ್ಲಿ ಎದ್ದದ್ದೂ ಈಗಲೂ ಆ ಮನೆಯಲ್ಲಿ ಮಾತಿಗೆ ಬರುತ್ತದೆ.

ರಾಯರ ವ್ಯಾಪಾರದ ಗಂಟು ಬಿದ್ದದ್ದು ಇಲ್ಲೇ. ಒಳ್ಳೇ ದೋಸೆ ತಿಂದವನು ಹತ್ತು ಜನಕ್ಕೆ ಹೇಳುತ್ತಾನೆ. ಸೋಫಾ ತೊಳೆಸಿದವರು ಹೇಳಿದರೆ, ಇಷ್ಟು ದಿನ ಕೊಳಕಿತ್ತು ಎಂದು ಒಪ್ಪಿಕೊಂಡ ಹಾಗಾಗುತ್ತದೆ. ಮೂಲವ್ಯಾಧಿಯ ವೈದ್ಯರಿಗೂ ಇದೇ ಕಷ್ಟ: ಗುಣವಾದವರು ಊರ ತುಂಬ ಇದ್ದಾರೆ, ಸಾಕ್ಷಿ ಹೇಳುವವರು ಒಬ್ಬರಿಲ್ಲ. ತಿಂಗಳಲ್ಲಿ ನಾಲ್ಕು ಮನೆಗಳಲ್ಲಿ ಪುಕ್ಕಟೆ ಕೆಲಸ ಮಾಡಿ ರಾಯರು ಗಳಿಸಿದ್ದು ನಾಲ್ಕು ಗುಟ್ಟು.

ಕಾಸು ಕೊಟ್ಟ ಮೊದಲ ಗಿರಾಕಿ ಕೊನೆಗೂ ಬಂದದ್ದು ಗೂಗಲ್ ಮ್ಯಾಪಿನಿಂದ. ಬೆಳ್ಳಂದೂರಿನ ಬಾಡಿಗೆ ಮನೆಯ ಗಂಡಹೆಂಡತಿ, ಇಬ್ಬರೂ ಸಾಫ್ಟ್‌ವೇರು. ಊರು ಬಿಟ್ಟು ಹೋಗುವವರಿಂದ ಸೆಕೆಂಡ್ ಹ್ಯಾಂಡ್ ಸೋಫಾ ಕೊಂಡಿದ್ದರು. ಹಳಬರ ಮನೆಯಲ್ಲಿ ನಾಯಿ ಇತ್ತಂತೆ. ಅಲ್ಲಿ ಬಕೆಟ್ ತುಂಬಿದಾಗ ಯಾರೂ ಪರದೆ ಎಳೆಯಲಿಲ್ಲ. ಮೊಬೈಲ್ ಹಿಡಿದು ಮೂರು ಕಡೆಯಿಂದ ಫೋಟೋ ತೆಗೆದರು, ಕುಣಿದಾಡಿದರು, 'ಛೀ, ಎಂಥಾ ಜನ!' ಎಂದು ಬರೆದು ಗೆಳೆಯರಿಗೆಲ್ಲ ಕಳಿಸಿದರು. ಕೊಳೆ ಬೇರೆಯವರದು ನೋಡಿ! ಸೀಟಿಗೆ 250ರಂತೆ ಐದಕ್ಕೆ 1,250. ಅವರು ಸಾವಿರ ಎಂದರು, ರಾಯರು ಒಪ್ಪಿದರು. ಬೋಣಿಯ ನೋಟನ್ನು ಕಣ್ಣಿಗೊತ್ತಿಕೊಳ್ಳಬೇಕೆಂದು ಎರಡು ತಿಂಗಳಿಂದ ಕಾದಿದ್ದರು. ದುಡ್ಡು ಬಂದದ್ದು ಫೋನಿಗೆ. ಲಿಫ್ಟಿನಲ್ಲಿ ಯಾರೂ ಇಲ್ಲದಾಗ ಫೋನನ್ನೇ ಕಣ್ಣಿಗೊತ್ತಿಕೊಂಡರು.

ಅಂದಿನಿಂದ ರಾಯರ ಮಾತಿನ ಧಾಟಿಯೇ ಬೇರೆ. ನಿಮ್ಮ ಸೋಫಾ ಕೊಳೆಯಾಗಿದೆ ಎನ್ನುವುದಿಲ್ಲ. "ಮನೇಲಿ ಚಿಕ್ಕ ಮಕ್ಕಳಿದ್ದಾರಾ? ನಾಯಿ? ಪಕ್ಕದಲ್ಲಿ ಮೆಟ್ರೋ ಕೆಲಸ ನಡೀತಿದೆಯಾ?" ಎಂದು ಕೇಳುತ್ತಾರೆ. ಮೂರರಲ್ಲಿ ಒಂದಕ್ಕೆ ಹೌದು ಬರುತ್ತದೆ, ತಪ್ಪು ಅದರ ತಲೆಗೆ ಹೋಗುತ್ತದೆ, ಯಂತ್ರ ಒಳಗೆ ಬರುತ್ತದೆ. ಬೆಂಗಳೂರಿನಲ್ಲಿ ಮೂರನೇ ಪ್ರಶ್ನೆಗೆ ಇಲ್ಲ ಎನ್ನುವವರು ಅಪರೂಪ.

ನಿಜವಾದ ಕಾರ್ಪೆಟ್ಟೂ ಒಮ್ಮೆ ಸಿಕ್ಕಿತು. ರಂಜಾನ್‌ಗೆ ಮುಂಚೆ ಮಸೀದಿಯ ಕಮಿಟಿಯವರು ಕರೆದರು. ಸಾಲುಸಾಲಾಗಿ ಹಾಸಿದ ಕಾರ್ಪೆಟ್ಟು, ಇಡೀ ಅಂಗಳದಷ್ಟು. ಕೆಲಸ ಮುಗಿದ ಸಂಜೆಯೇ ಎಣಿಸಿ ಕೊಟ್ಟರು, ಮೇಲೆ ಚಹಾ. ಒಂದು ಕಚೇರಿಯ ಕಾರ್ಪೆಟ್ಟೂ ಬಂತು. ಅಲ್ಲಿ ನೆಲ ಎರಡೇ ರಾತ್ರಿಗೆ ಶುದ್ಧವಾಯಿತು, ಬಿಲ್ಲು ಮಾತ್ರ ತಿಂಗಳುಗಟ್ಟಲೆ ಧೂಳು ಹಿಡಿಯಿತು. ಸಣ್ಣ ಉದ್ಯಮಗಳಿಗೆ ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕೆಂದು 2006ರ ಕಾಯ್ದೆ ಹೇಳುತ್ತದೆ. ರಾಯರು ಫ್ರೇಮು ಬಿಚ್ಚಿ ಉದ್ಯಮ್ ಪ್ರಮಾಣಪತ್ರದ ನಕಲು ತೆಗೆಸಿ ಕಳಿಸಿದರು. ಸಿಕ್ಕಿದೆ ಎಂಬ ಉತ್ತರವಂತೂ ಬಂದಿದೆ.

ಈ ಸಲ ಯುಗಾದಿಗೆ ನಾಲ್ಕು ದಿನ ಇರುವಾಗ ಚಿಕ್ಕಮ್ಮನ ಫೋನು. "ಬೆಳಗ್ಗೆ ಏಳಕ್ಕೆ ಬಾ. ಹಿತ್ತಲ ಬಾಗಿಲಿಂದ ಬಾ. ಆ ಮಿಷಿನ್ನಿನ ಮೇಲೆ ಒಂದು ಬೆಡ್‌ಶೀಟ್ ಹೊದಿಸ್ಕೊಂಡ್ ಬಾ. ಪಕ್ಕದ ಮನೆಯವಳ ಕಣ್ಣು ಸರಿ ಇಲ್ಲ, ಇಡೀ ಬೀದಿಗೆ ಟಾಂಟಾಂ ಹೊಡೀತಾಳೆ. ದುಡ್ಡು ಕೊಡ್ತೀನಿ ಕಣೋ, ಈ ಸಲ."

ಏಳು ಕಷ್ಟ, ಎಂಟಕ್ಕೆ ಬರುತ್ತೇನೆ ಎಂದರು ರಾಯರು. ಯಾಕೆ ಎಂದು ಹೇಳುವ ಹಾಗಿರಲಿಲ್ಲ. ಪಕ್ಕದ ಮನೆಯವರು ಆರಕ್ಕೇ ಬರಲು ಹೇಳಿದ್ದರು, ಅವರದೂ ಹಿತ್ತಲ ಬಾಗಿಲು, ಅವರದೂ ಬೆಡ್‌ಶೀಟು.