ಮದುವೆ ಕ್ಯಾಸೆಟ್ಟುಗಳ ಗ್ರಂಥಸಂಪಾದನೆ: ಪುತ್ತೂರು, ಸುಳ್ಯ, ಕಡಬ ತಾಲೂಕುಗಳನ್ನು ಅನುಲಕ್ಷಿಸಿ

ಓಲೆಗರಿಗಳನ್ನು ಶೋಧಿಸಿ, ಪಾಠಾಂತರ ಗುರುತಿಸಿ, ಅಚ್ಚು ಹಾಕಿಸುವ ವಿದ್ವತ್ತಿಗೆ ಕನ್ನಡದಲ್ಲಿ ನೂರು ವರ್ಷ ಮೀರಿದ ಪರಂಪರೆ ಉಂಟು. ಮದುವೆಯ ವಿ.ಎಚ್.ಎಸ್. ಕ್ಯಾಸೆಟ್ಟುಗಳನ್ನು ಅದೇ ಶಿಸ್ತಿನಿಂದ ಕಂಪ್ಯೂಟರಿಗೆ ಇಳಿಸುವ ವಿದ್ವತ್ತಿಗೆ ಮಾತ್ರ ಪೀಠವಿಲ್ಲ, ಪ್ರಶಸ್ತಿಯಿಲ್ಲ, ಕೊನೆಗೆ ಒಂದು ಶಾಲು ಕೂಡ ಇಲ್ಲ. ಈ ಕೊರತೆಯನ್ನು ತುಂಬುವುದೇ ಪ್ರಸ್ತುತ ಅಧ್ಯಯನದ ಉದ್ದೇಶ. ಸೇಡಿಯಾಪು ಕೃಷ್ಣ ಭಟ್ಟರಂಥವರು ಛಂದಸ್ಸಿನ ಮಾತ್ರೆಗಳನ್ನು ತೂಗಿ ನೋಡಿದ ಸೀಮೆ ಇದು. ಇಲ್ಲಿ ಸೆಕೆಂಡಿಗೆ 25 ಫ್ರೇಮುಗಳನ್ನು ಎಣಿಸುವವನೊಬ್ಬ ಹುಟ್ಟಿಕೊಂಡರೆ ಅದನ್ನು ಪರಂಪರೆಯ ಮುಂದುವರಿಕೆ ಎಂದೇ ತಿಳಿಯಬೇಕಾಗಿ ವಿನಂತಿ.

ಮೊದಲಿಗೆ ಅಧ್ಯಯನದ ವ್ಯಾಪ್ತಿ. ಕಾಲ: ವೀಡಿಯೋದವರು ಪ್ಯಾನಸಾನಿಕ್ಕಿನ ಎಂ-9000ದಂಥ ಕ್ಯಾಮರಾವನ್ನು ಹೆಗಲ ಮೇಲೆ ಹೊತ್ತು ದಿಬ್ಬಣದ ಮುಂದೆ ಹಿಮ್ಮುಖವಾಗಿ ನಡೆಯುತ್ತಿದ್ದ ಕಾಲದಿಂದ, ಸಿ.ಡಿ. ಬಂದು ಎಲ್ಲರೂ ಮುಮ್ಮುಖರಾಗುವ ತನಕ. ದೇಶ: ಇಲ್ಲಿ ತೊಡಕುಂಟು. ಸುಬ್ರಹ್ಮಣ್ಯದಲ್ಲಿ 1993ರಲ್ಲಿ ನಡೆದ ಮದುವೆಯ ಕ್ಯಾಸೆಟ್ಟಿನ ಬೆನ್ನ ಮೇಲೆ ‘ಸುಳ್ಯ ತಾಲೂಕು’ ಎಂದು ಬರೆದಿರುತ್ತದೆ. ಆ ಊರು ಈಗ ಕಡಬ ತಾಲೂಕಿನದು. ಹಾಗಾದರೆ ಫೈಲಿಗೆ ಹೆಸರಿಡುವಾಗ ಯಾವ ತಾಲೂಕನ್ನು ನಮೂದಿಸಬೇಕು? ಈ ಗಂಭೀರ ಪ್ರಶ್ನೆಯನ್ನು ವಕ್ತೃಗಳ ಮುಂದಿಟ್ಟಾಗ ಆ ಮದುವೆಯ ಮದುಮಗಳೇ ಒಳಗಿನಿಂದ ಹೇಳಿದರು: “ತಾಲೂಕು ಎಂತದ್ದಾದರೂ ಬರೀರಿ ಮಾರಾಯ್ರೆ. ತಾರೀಕು ಮಾತ್ರ ದೊಡ್ಡದಾಗಿ ಹಾಕಿ. ಇವರಿಗೆ ಪ್ರತಿ ವರ್ಷ ಮರೆತುಹೋಗ್ತದೆ.”

ಕ್ಷೇತ್ರಕಾರ್ಯದ ವಿಧಾನದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಈ ಭಾಗದಲ್ಲಿ ಆಸರಿಗೆ ಕುಡಿಯದೆ ಮಾಹಿತಿ ಹೊರಡುವುದಿಲ್ಲ. ಹಲಸಿನ ಹಪ್ಪಳ ಮುಗಿಯದೆ ಕಪಾಟಿನ ಬೀಗದ ಕೈ ಸಿಗುವುದಿಲ್ಲ.

ಇನ್ನು ಪ್ರತಿಗಳ ವಿಚಾರ. ಕ್ಯಾಮರಾದಿಂದ ಇಳಿದದ್ದು ಮಾಸ್ಟರ್, ಅಂದರೆ ಮೂಲ ಮಾತೃಕೆ. ಸ್ಟುಡಿಯೋದವರು ಮಿಕ್ಸಿಂಗ್ ಮಾಡಿ ಮನೆಗೆ ಕೊಟ್ಟದ್ದು ‘ಕ’ ಪ್ರತಿ. ಅದರಿಂದ ಮುಂಬಯಿಯ ಮಾವನಿಗೆ ಮಾಡಿಸಿದ್ದು ‘ಖ’. ಮಾವನದರಿಂದ ಅತ್ತೆಯ ತವರಿನವರು ಇಳಿಸಿಕೊಂಡದ್ದು ‘ಗ’. ವಿ.ಎಚ್.ಎಸ್. ಎಂಬ ಪದ್ಧತಿ (ಜಪಾನಿನ ಜೆ.ವಿ.ಸಿ., 1976) ಬೆಳಕನ್ನು ಒಂದು ರೀತಿಯಲ್ಲಿ, ಬಣ್ಣವನ್ನು 627 ಕಿಲೋಹರ್ಟ್ಸಿಗೆ ಇಳಿಸಿ ಇನ್ನೊಂದು ರೀತಿಯಲ್ಲಿ ಬರೆಯುತ್ತದೆ. ಬಣ್ಣಕ್ಕೆ ಸಿಗುವ ಜಾಗ ಬಹಳ ಕಡಿಮೆ. ಹಾಗಾಗಿ ಪ್ರತಿ ಮಾಡಿದಷ್ಟೂ ಬಣ್ಣ ಎಲ್ಲೆ ಮೀರುತ್ತದೆ. ‘ಕ’ದಲ್ಲಿ ಮದುಮಗಳ ಸೀರೆ ಕೆಂಪು. ‘ಖ’ದಲ್ಲಿ ಆ ಕೆಂಪು ಪಕ್ಕದ ಮದುಮಗನ ಶಲ್ಯಕ್ಕೆ ಹತ್ತಿದೆ. ‘ಗ’ದಲ್ಲಿ ಪುರೋಹಿತರೂ ಕೆಂಪಾಗಿದ್ದಾರೆ.

ಆದ್ದರಿಂದ ಸಂಪಾದಕನು ಆದಷ್ಟು ಮೇಲಿನ ಪ್ರತಿಗೆ ಹೋಗಬೇಕು. ಎಲ್ಲಕ್ಕಿಂತ ಮೇಲಿನದು ಮಾಸ್ಟರ್. ಆದರೆ ಕ್ಯಾಸೆಟ್ಟಿಗೆ ದುಡ್ಡು ಬೀಳುತ್ತಿದ್ದ ಕಾಲವಾದ್ದರಿಂದ ಸ್ಟುಡಿಯೋದವರು ಅದರ ಮೇಲೆಯೇ ಮುಂದಿನ ಮುಹೂರ್ತದ್ದನ್ನು ತೆಗೆದಿರುತ್ತಾರೆ. ಮನೆಯವರೇನು ಕಡಿಮೆ? ಧಾರೆಯ ನೀರು ಬೀಳುವ ಹೊತ್ತಿಗೆ ಸರಿಯಾಗಿ ದೂರದರ್ಶನದ ಕ್ರಿಕೆಟ್ ನಡುವೆ ನುಗ್ಗಿ, ಒಂದು ಓವರ್ ಮುಗಿದ ಮೇಲೆ ನೇರವಾಗಿ ಊಟದ ಹಂತಿ ಬರುವ ಪ್ರತಿಗಳು ಮೂರೂ ತಾಲೂಕುಗಳಲ್ಲಿ ಉಪಲಬ್ಧ. ಅಮೆರಿಕಕ್ಕೆ ಹೋದ ಮಗಳಿಗೆ ಕಳಿಸಿದ ಪ್ರತಿಯೊಂದು ಅತ್ಯಂತ ಶುದ್ಧವಾಗಿ ದೊರೆತಿದೆ. ನಮ್ಮ ಟಿ.ವಿ. ಪದ್ಧತಿ 625 ಗೆರೆಗಳ ಪಾಲ್, ಅಲ್ಲಿಯದು 525 ಗೆರೆಗಳ ಎನ್.ಟಿ.ಎಸ್.ಸಿ. ಅದು ಅಲ್ಲಿ ಓಡಲೇ ಇಲ್ಲ. ಕಳಿಸಿದ ಹಾಗೆಯೇ ಉಳಿಯಿತು. ಯಾರೂ ಓದದ ಪ್ರತಿಯೇ ಶುದ್ಧ ಪ್ರತಿ ಎಂಬುದು ಓಲೆಗರಿಯ ಪಂಡಿತರಿಗೂ ಗೊತ್ತಿದ್ದ ರಹಸ್ಯ.

ಮುಹೂರ್ತ ನಿರ್ಣಯ. ಕ್ಯಾಸೆಟ್ಟು ಇಳಿಸಲು ದೀಪಾವಳಿಯಿಂದ ಪತ್ತನಾಜೆಯವರೆಗೆ ಮಾತ್ರ ಪ್ರಶಸ್ತ. ಪತ್ತನಾಜೆಯಂದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವಾಗ ಸಂಪಾದಕನೂ ತಂತಿ ಬಿಚ್ಚಬೇಕು. ಕಾರಣ ಒಂದು, ಸಿಡಿಲು. ಕಾರಣ ಎರಡು, ಕರೆಂಟು: ಮೂರು ಗಂಟೆಯ ಕ್ಯಾಸೆಟ್ಟನ್ನು ಇಳಿಸಲು ಮೂರು ಗಂಟೆಯೇ ಬೇಕು, ಅವಸರ ಮಾಡುವ ಉಪಾಯವಿಲ್ಲ. ಆಟಿಯ ಮಳೆಗೆ ಅಷ್ಟು ಹೊತ್ತು ಒಂದೇ ಸಮನೆ ಕರೆಂಟು ಇದ್ದರೆ ಅದು ಬೇರೆಯೇ ಪ್ರಬಂಧದ ವಸ್ತು. ಕಾರಣ ಮೂರು, ಬೂಷ್ಟು. ಅಡಿಕೆಗೆ ಕೊಳೆರೋಗ ಬಂದ ಹಾಗೆ ಟೇಪಿನ ಸುರುಳಿಯ ಅಂಚಿಗೆ ಬಿಳಿ ಪುಡಿ ಹಿಡಿಯುತ್ತದೆ. ಅಂಥದ್ದನ್ನು ವಿ.ಸಿ.ಆರ್.ಗೆ ತುರುಕಿದರೆ ಹೆಡ್ಡು ಕಟ್ಟುತ್ತದೆ, ಮುಂದೆ ಹಾಕುವ ಕ್ಯಾಸೆಟ್ಟುಗಳಿಗೂ ಅಂಟುತ್ತದೆ. ಒಣ ಜಾಗದಲ್ಲಿಟ್ಟು, ಕ್ಯಾಸೆಟ್ಟಿನ ಗೂಡು ಬಿಚ್ಚಿ, ಬೂಷ್ಟನ್ನು ಒರೆಸಿ ತೆಗೆದ ಮೇಲಷ್ಟೇ ಓಡಿಸಬೇಕು. ಶೇಕಡ ಒಂದರ ಬೋರ್ಡೋ ದ್ರಾವಣ ಹೊಡೆದರೆ ಹೇಗೆ ಎಂದು ಕಡಬದ ಕಡೆಯ ಕೃಷಿಕರೊಬ್ಬರು ಸಭೆಯಲ್ಲಿ ಸೂಚಿಸಿದರು. ಸೂಚನೆಯನ್ನು ದಾಖಲಿಸಿಕೊಂಡು ಕೈಬಿಡಲಾಗಿದೆ.

ಯಂತ್ರಪ್ರಕರಣ. ವಿ.ಸಿ.ಆರ್. ಒಳಗೆ 62 ಮಿಲಿಮೀಟರ್ ವ್ಯಾಸದ ಲೋಹದ ಉರುಳೆಯೊಂದು ನಿಮಿಷಕ್ಕೆ 1500 ಸುತ್ತು ತಿರುಗುತ್ತದೆ. ಅದರ ಮೈಯಲ್ಲಿ ಹುದುಗಿದ, ಕಣ್ಣಿಗೆ ಸರಿಯಾಗಿ ಕಾಣದ ಹೆಡ್ಡುಗಳೇ ಇಡೀ ಮದುವೆಯನ್ನು ಓದುವುದು. ಇವನ್ನು ಗರಿಗರಿ ನೋಟಿನಿಂದ ಉಜ್ಜಬೇಕೆಂದು ಒಂದು ಪಂಥ, ಪೆಟ್ರೋಲಿನಲ್ಲಿ ಅದ್ದಿದ ಬಿಳಿ ಕಾಗದವೇ ಪ್ರಶಸ್ತವೆಂದು ಇನ್ನೊಂದು ಪಂಥ. ಎರಡನ್ನೂ ಖಂಡಿಸಿ ಹೇಳುವುದೇನೆಂದರೆ, ಐಸೊಪ್ರೊಪೈಲ್ ಆಲ್ಕೊಹಾಲ್, ನಯವಾದ ಚರ್ಮದ ಬಟ್ಟೆ, ಉರುಳೆ ತಿರುಗುವ ದಿಕ್ಕಿನಲ್ಲೇ ಒರೆಸಾಟ. ಮೇಲೆ ಕೆಳಗೆ ಉಜ್ಜಿದವನ ಹೆಡ್ಡು ಮುರಿಯುತ್ತದೆ. ಹೊಸ ಯಂತ್ರ ಕೊಳ್ಳೋಣವೆಂದರೆ, ಕೊನೆಯವರೆಗೂ ಮಾಡುತ್ತಿದ್ದ ಜಪಾನಿನ ಫುನಾಯ್ ಕಂಪೆನಿ 2016ರಲ್ಲಿ ಕೈಚೆಲ್ಲಿತು. ಹಳೆಯದರಲ್ಲಿ ಬೇಗ ಕೆಡುವುದು ಟೇಪನ್ನು ಎಳೆಯುವ ರಬ್ಬರಿನ ಉರುಳೆ. ಗಟ್ಟಿಯಾಗಿ, ನುಣುಪಾಗಿ, ಹಿಡಿತ ಬಿಡುತ್ತದೆ. ಅರಣ್ಯ ಅಭಿವೃದ್ಧಿ ನಿಗಮದ ರಬ್ಬರು ತೋಟಗಳು ಗುಡ್ಡಗುಡ್ಡ ಹಬ್ಬಿರುವ ಸುಳ್ಯದಲ್ಲಿ, ದಿನಾ ಬೆಳಿಗ್ಗೆ ಹಾಲು ಇಳಿಸುವ ಊರಿನಲ್ಲಿ, ಹೆಬ್ಬೆರಳ ಗಾತ್ರದ ಒಂದು ರಬ್ಬರು ಉರುಳೆ ಸಿಗುವುದಿಲ್ಲ! ಅರ್ಥಶಾಸ್ತ್ರದ ವಿದ್ಯಾರ್ಥಿಗಳು ಇದನ್ನು ಕೈಗೆತ್ತಿಕೊಳ್ಳಬಹುದು.

ವಿ.ಸಿ.ಆರ್.ನಿಂದ ಕಂಪ್ಯೂಟರಿನ ಕಡೆಗೆ ಎಳೆಯುವ ತಂತಿ ಯಾವುದು? ಹಳದಿ, ಬಿಳಿ, ಕೆಂಪು ಎಂದು ಲೋಕ ಹೇಳುತ್ತದೆ. ಟೇಪಿನಲ್ಲಿ ಬೇರೆಬೇರೆಯಾಗಿ ಬರೆದಿದ್ದ ಬೆಳಕು, ಬಣ್ಣಗಳನ್ನು ಹಳದಿ ತಂತಿ ಒಂದು ಮಾಡಿ ಕಳಿಸುತ್ತದೆ. ಆಚೆ ಬದಿಯ ಕ್ಯಾಪ್ಚರ್ ಕಾರ್ಡು ಅವನ್ನು ಮತ್ತೆ ಬೇರೆ ಮಾಡಲು ಹೆಣಗುತ್ತದೆ, ಜರಿಯಂಚಿನಲ್ಲಿ ಚುಕ್ಕಿಗಳು ಹರಿದಾಡುತ್ತವೆ. ಎಸ್-ವಿಎಚ್‌ಎಸ್ ಯಂತ್ರದ ಎಸ್-ವೀಡಿಯೋ ತಂತಿಯಲ್ಲಿ ಇವೆರಡೂ ಕೊನೆತನಕ ಬೇರೆಬೇರೆ ದಾರಿಯಲ್ಲೇ ನಡೆಯುತ್ತವೆ. ಇನ್ನು ಸ್ತಂಭದೋಷ: ಪ್ರತಿ ಗೆರೆಯೂ ಕೂದಲೆಳೆಯಷ್ಟು ಹಿಂದುಮುಂದಾಗಿ ಹೊರಡುವುದರಿಂದ ಚಪ್ಪರದ ಅಡಿಕೆ ಮರದ ಕಂಬ ಬಳುಕುತ್ತದೆ. ಚಪ್ಪರ ಗಟ್ಟಿಯಾಗಿಯೇ ಇತ್ತೆಂದು ಅದನ್ನು ಹಾಕಿದವರ ಮಕ್ಕಳು ಸಾಕ್ಷಿ ನುಡಿದಿದ್ದಾರೆ. ಟೈಮ್ ಬೇಸ್ ಕರೆಕ್ಟರ್ ಎಂಬ ಸಲಕರಣೆ ಗೆರೆಗಳನ್ನು ಸಾಲಿನಲ್ಲಿ ನಿಲ್ಲಿಸುತ್ತದೆ. ಅದು ಸಿಗದವರು ಹಳೆಯ ಡಿ.ವಿ.ಡಿ. ರೆಕಾರ್ಡರ್ ಒಂದನ್ನು ನಡುವೆ ಕೂರಿಸಿ, ರೆಕಾರ್ಡ್ ಮಾಡದೆ ಬರೇ ಹಾಯಿಸಿಕೊಂಡರೂ ಎಷ್ಟೋ ಸುಧಾರಿಸುತ್ತದೆ, ಕೆಲವು ಮಾಡೆಲುಗಳಲ್ಲಿ.

ಇಷ್ಟು ಆದ ಮೇಲೆಯೇ ಕಂಪ್ಯೂಟರು. ಪುತ್ತೂರು ಪೇಟೆಯಲ್ಲಿ ಮಾತ್ರ ಚರ್ಚೆ ಇಲ್ಲಿಂದಲೇ ಆರಂಭ: “ರ‍್ಯಾಮ್ ಎಷ್ಟು ಉಂಟು? ಫೋರ್‌ಕೆ ಬರ್ತದಾ?” ವಿ.ಎಚ್.ಎಸ್.ನಲ್ಲಿ ಅಡ್ಡಲಾಗಿ ಸಿಗುವ ವಿವರ ಸುಮಾರು 240 ಗೆರೆಯಷ್ಟು. ಅದನ್ನು 720×576ರಲ್ಲಿ ಹಿಡಿದರೆ ಧಾರಾಳ. ಏನನ್ನೂ ಕುಗ್ಗಿಸದೆ ಹಿಡಿದರೆ ಗಂಟೆಗೆ ಸುಮಾರು 75 ಜಿ.ಬಿ.; ಹಫ್‌ವೈಯುವಿಯಂಥ ನಷ್ಟವಿಲ್ಲದ ಕೋಡೆಕ್ಕಿನಲ್ಲಿ ಅದರ ಅರ್ಧದ ಆಸುಪಾಸು; ಡಿ.ವಿ. ಆದರೆ 13. ಒಂದು ಫ್ರೇಮಿನಲ್ಲಿ ಎರಡು ಕ್ಷಣಗಳು ಗೆರೆ ಬಿಟ್ಟು ಗೆರೆ ಹೆಣೆದುಕೊಂಡಿರುತ್ತವೆ. ಇಳಿಸುವಾಗ ಆ ಹೆಣಿಗೆಯನ್ನು ಬಿಚ್ಚಬಾರದು. ಆಮೇಲೆ ಸಾವಕಾಶವಾಗಿ ಬಿಚ್ಚಿದರೆ ಸೆಕೆಂಡಿಗೆ 50 ಚಿತ್ರಗಳು ನುಣ್ಣಗೆ ಸಿಗುತ್ತವೆ. ಫ್ರೇಮು ಬಿದ್ದುಹೋದರೆ ಓಲಗ ಮುಂದೆ ಓಡಿ, ಮಾಂಗಲ್ಯ ಹಿಂದೆ ಉಳಿಯುತ್ತದೆ. 4:3ರ ಚಿತ್ರವನ್ನು ಈಗಿನ ಟಿ.ವಿ.ಯ ಅಗಲಕ್ಕೆ ಎಳೆಯುವವರು ಬಹಳ. ಅವರ ಪ್ರತಿಗಳಲ್ಲಿ ದಿಬ್ಬಣದವರಿಗೆಲ್ಲ ಮೈ ಬಂದಿರುತ್ತದೆ. ಎ.ಐ. ಹಾಕಿ ಚೊಕ್ಕ ಮಾಡುವವರ ಬಗ್ಗೆ ಒಂದೇ ಮಾತು: ಎಲೆಯಡಿಕೆ ಜಗಿಯುತ್ತಿದ್ದ ಅಜ್ಜನಿಗೆ ಅದು ಹೊಸ ಹಲ್ಲುಸಾಲು ಬಿಡಿಸಿದೆ.

ಕೊನೆಯದು, ಪ್ರಕ್ಷಿಪ್ತಗಳ ಸಮಸ್ಯೆ. ಹೃದಯಾಕಾರದ ಕಿಂಡಿ, ಅರಳುವ ಗುಲಾಬಿ, ಎಲ್ಲಿಂದಲೋ ಹಾರಿಬರುವ ಬಾತುಕೋಳಿ. ಇವೆಲ್ಲ ಸ್ಟುಡಿಯೋ ಎಂಬ ಲಿಪಿಕಾರನ ಸೇರ್ಪಡೆಗಳೆಂದೂ ಮೂಲ ಕವಿಯ ಆಶಯಕ್ಕೆ ಸೇರಿದವಲ್ಲವೆಂದೂ ಪ್ರಬಂಧಕಾರನು ಮೊದಲು ವಾದಿಸಿದ್ದನು. ಆದರೆ ಮೇಲೆ ಹೇಳಿದ ಕ್ರಮದಲ್ಲಿ ಸಿದ್ಧವಾದ ಶುದ್ಧ ಪಾಠವನ್ನು ಒಂದು ಮನೆಯ ಚಾವಡಿಯಲ್ಲಿ ಪ್ರದರ್ಶಿಸಿದಾಗ ಹೀಗಾಯಿತು. ಮೂವತ್ತು ವರ್ಷ ಬರೇ ಹಳದಿ ಮಸುಕಾಗಿದ್ದುದು ಅಂದು ಚಕ್ರಸರವಾಗಿ ಕಂಡಿತು.

“ಅದು ನಮ್ಮ ಅಮ್ಮನದ್ದಲ್ವಾ ಅತ್ತಿಗೆ? ನಿಮ್ಮ ಕೊರಳಲ್ಲಿ ಹೇಗೆ?”

“ಒಂದು ದಿನಕ್ಕೆಂದು ಕೊಟ್ಟದ್ದು.”

“ವಾಪಸು ಬಂದದ್ದು ನಾನು ನೋಡಲಿಲ್ಲಪ್ಪ.”

ಗೋಷ್ಠಿ ಅಲ್ಲಿಗೆ ಬರಖಾಸ್ತಾಯಿತು. ಹೊರಡುವಾಗ ಮನೆಯ ಹಿರಿಯರು ಪ್ರಬಂಧಕಾರನನ್ನು ಅಂಗಳದ ಮೂಲೆಗೆ ಕರೆದು ಮೆಲ್ಲ ಕೇಳಿದರು: “ಅಲ್ಲ ಮಾರಾಯ, ಆ ಸರ ಬರುವಲ್ಲಿ ಒಂದು ಹೂವು ಅರಳಿಸಲಿಕ್ಕೆ ಆಗ್ತದಾ? ಮೊದಲು ಸ್ಟುಡಿಯೋದವ ಮಾಡಿಕೊಡ್ತಿದ್ದ.”

ಇದರಿಂದ ಹೊಸ ಸಿದ್ಧಾಂತವೊಂದಕ್ಕೆ ದಾರಿ ತೆರೆದಿದೆ. ಕೈಯಲ್ಲಿರುವ ಕ್ಯಾಸೆಟ್ಟುಗಳಲ್ಲಿ ಗುಲಾಬಿ ಎಲ್ಲೆಲ್ಲಿ ಅರಳುತ್ತದೆ, ಆ ಹೊತ್ತಿಗೆ ಚೌಕಟ್ಟಿನಲ್ಲಿ ಯಾವ ನೆಂಟರಿದ್ದರು ಎಂಬ ಪಟ್ಟಿ ತಯಾರಾಗುತ್ತಿದೆ. ಬಾತುಕೋಳಿ ಹಾರಿದ ಕಡೆಗಳಲ್ಲಿ ಜಾಗದ ತಕರಾರು ಇದ್ದಿರಬಹುದೆಂಬ ಗುಮಾನಿಯೂ ಉಂಟು. ಖಚಿತವಾಗಿ ಹೇಳಬೇಕಾದರೆ ಮಾಸ್ಟರ್ ಬೇಕು. ಅದರ ಮೇಲೆ ಯಾರದ್ದೋ ಉಪನಯನ ಉಂಟು.