ಕಾಣದ ದಾರದ ಮೀಮಾಂಸೆ

ಗಾಳ ಹಾಕುವವರ ಪರಿಭಾಷೆಯಲ್ಲಿ ‘ಲೀಡರ್’ ಎಂದರೆ ಮುಖ್ಯ ದಾರಕ್ಕೂ ಗಾಳಕ್ಕೂ ನಡುವೆ ಕಟ್ಟುವ ಒಂದೆರಡು ಮೊಳದ ಬೇರೆ ದಾರ. ಮೀನಿನ ಹಲ್ಲು ಮತ್ತು ನದೀಪಾತ್ರದ ಬಂಡೆಗಳ ತಿಕ್ಕಾಟವನ್ನು ಸಹಿಸುವುದು, ಆದಷ್ಟು ಮಟ್ಟಿಗೆ ಮೀನಿನ ಕಣ್ಣಿಗೆ ಬೀಳದಿರುವುದು ಅದರ ಕರ್ತವ್ಯ. ಹತ್ತಿಯ ಒಡಲಿಗೆ ರೇಷ್ಮೆಯ ಅಂಚನ್ನು ಮಗ್ಗದಲ್ಲೇ ಕೂಡಿಸುವ ಗದ್ವಾಲ ಸೀರೆಯನ್ನು ಬಲ್ಲವರಿಗೆ ಒಂದೇ ಕೆಲಸಕ್ಕೆ ಎರಡು ಜಾತಿಯ ದಾರ ಏಕೆಂದು ವಿವರಿಸಬೇಕಾಗಿಲ್ಲ. ಆದರೆ ಯಾವ ದಾರವೆಂಬ ಪ್ರಶ್ನೆಗೆ ನಾರಾಯಣಪೇಟೆ, ಮಕ್ತಲ್, ಗದ್ವಾಲಗಳ ಹವ್ಯಾಸಿಗಳು ಕೊಡುವ ಉತ್ತರವು ಅವರವರ ಸಂಬಳವನ್ನು ಅನುಸರಿಸುತ್ತದೆಯೇ ಹೊರತು ನದಿಯನ್ನಲ್ಲ. ಪ್ರಸ್ತುತ ಲೇಖಕನು ಈ ವರ್ಗಕ್ಕೆ ಸೇರಿದವನಲ್ಲವೆಂದು ಸಾಧಿಸಲು ತಕ್ಕ ಪುರಾವೆ ದೊರೆತಿಲ್ಲ.

ಹಿಂದೆ ಯುರೋಪಿನವರು ರೇಷ್ಮೆಹುಳುವಿನ ಗ್ರಂಥಿಯನ್ನು ಹುಳಿಯಲ್ಲಿ ನೆನೆಸಿ, ಎಳೆದು, ಒಣಗಿಸಿ ಲೀಡರ್ ಮಾಡುತ್ತಿದ್ದರು. 1938ರಲ್ಲಿ ಲೋಕಕ್ಕೆ ಪ್ರಕಟವಾದ ನೈಲಾನು ಮುಂದೆ ಆ ಹುಳುವಿಗೆ ಬಿಡುಗಡೆ ಕೊಟ್ಟಿತು. ಆಮೇಲೆ ಜಪಾನಿನಿಂದ ಬಂದದ್ದು ಫ್ಲೂರೋಕಾರ್ಬನ್. ಬೆಳಕನ್ನು ಬಾಗಿಸುವ ಗುಣವನ್ನು ವಕ್ರೀಭವನಾಂಕ ಎನ್ನುತ್ತಾರೆ. ಇದು ನೀರಿಗೆ 1.33, ಫ್ಲೂರೋಕಾರ್ಬನ್ನಿಗೆ ಸುಮಾರು 1.42, ನೈಲಾನಿಗೆ ಇನ್ನೂ ಹೆಚ್ಚು. ಅಂಕಗಳು ಹತ್ತಿರವಾದಷ್ಟೂ ದಾರವು ನೀರಿನಲ್ಲಿ ಕರಗಿದಂತೆ ಕಾಣುವುದರಿಂದ, ಅಂಗಡಿಯವನು ಕಾಣದಿರುವುದಕ್ಕೆ ಬೆಲೆ ಕಟ್ಟುತ್ತಾನೆ. ಕಾಣದ ವಸ್ತುವಿಗೆ ಚೌಕಾಸಿ ಮಾಡುವುದು ಹೇಗೆಂದು ಹವ್ಯಾಸಿಗೂ ತಿಳಿಯುವುದಿಲ್ಲ.

ತಂಗಡಿಯ ಬಳಿ ಭೀಮೆಯನ್ನು ಕೂಡಿಕೊಂಡು ಜೂರಾಲದತ್ತ ಹರಿಯುವ ಕೃಷ್ಣೆಗೆ, ಮೇಲೆ ನಾರಾಯಣಪುರದಿಂದ ನೀರು ಬಿಟ್ಟ ಮಳೆಗಾಲದಲ್ಲಿ, ಈ ಅಂಕಗಳ ಹಂಗಿಲ್ಲ. ಆ ಕೆನ್ನೀರಿನಲ್ಲಿ ಮೀನಿಗೆ ತನ್ನ ಬಾಲವೇ ಕಾಣುವುದು ಸಂಶಯ. ಹಡಗು ಕಟ್ಟುವ ಹಗ್ಗವನ್ನು ಇಳಿಬಿಟ್ಟರೂ ಅದು ಅದೃಶ್ಯವೇ.

ಕಾಣದಿರುವ ಗುಣವು ನೀರಿನಲ್ಲಿ ವ್ಯರ್ಥವಾದರೂ ದಡದಲ್ಲಿ ಪೂರ್ಣವಾಗಿ ಫಲಿಸುತ್ತದೆಂಬುದಕ್ಕೆ ಪಂಚದೇವಪಹಾಡದ ಬಂಡೆಗಳು ಸಾಕ್ಷಿ. ಅಲ್ಲಿ ಹವ್ಯಾಸಿಯೊಬ್ಬನು ಗಂಟನ್ನು ಬಿಗಿಯುವ ಮೊದಲು, ಘರ್ಷಣೆಯ ಬಿಸಿಗೆ ದಾರ ದುರ್ಬಲವಾಗದಿರಲೆಂದು ಶಾಸ್ತ್ರೋಕ್ತವಾಗಿ ಎಂಜಲಿನಿಂದ ನೆನೆಸುವಾಗ ಕೆಮ್ಮು ಬಂದು, ಒಂದು ಮೊಳ ಫ್ಲೂರೋಕಾರ್ಬನ್ ತುಟಿಯಿಂದ ಜಾರಿ ಬಂಡೆಯ ಮೇಲೆ ಬಿತ್ತು. ಅವನು ಮೊದಲು ಬಗ್ಗಿದನು, ಬಳಿಕ ಮಂಡಿಯೂರಿದನು, ಕೊನೆಗೆ ಎಳೆಬಿಸಿಲಿಗೆ ದಾರವು ಎಲ್ಲಾದರೂ ಮಿನುಗೀತೆಂದು ಕೆನ್ನೆಯನ್ನು ಕಲ್ಲಿಗೆ ಒತ್ತಿ, ಒಂದು ಕಣ್ಣು ಮುಚ್ಚಿ, ಕೈಗಳನ್ನು ಮುಂದಕ್ಕೆ ಚಾಚಿ ಮಲಗಿದನು. ಅವನ ತಲೆ ಹೊಳೆಯ ನಡುವಿನ ಕುರವಪುರದ ದಿಕ್ಕಿಗೇ ಇದ್ದುದರಿಂದ, ಶ್ರೀಪಾದ ಶ್ರೀವಲ್ಲಭರ ದರ್ಶನಕ್ಕೆಂದು ಹರಿಗೋಲು ಕಾಯುತ್ತಿದ್ದವರು ಇದನ್ನು ದೀರ್ಘದಂಡ ನಮಸ್ಕಾರವೆಂದು ಬಗೆದರು. ಇಬ್ಬರು ಚಪ್ಪಲಿ ಬಿಟ್ಟರು, ಒಬ್ಬನು ಪಕ್ಕದಲ್ಲೇ ಅಡ್ಡಬಿದ್ದನು. ಮುದುಕಿಯೊಬ್ಬಳು ಮಾತ್ರ ಹತ್ತಿರ ಬಂದು ವಿಚಾರಿಸಿದಳು.

“ಏನು ಕಳಕಂಡಿಯಪ್ಪಾ?”

“ದಾರ ಬೇ.”

“ಎಂಥಾ ದಾರ?”

“ಕಾಣದಂಥಾದ್ದು.”

“ಕಾಣದಂಥಾದ್ದು ಅಂತ ಗೊತ್ತಿದ್ದೂ ಹುಡುಕಕತ್ತಿಯಲ್ಲೋ ಯಪ್ಪಾ!”

ಫ್ಲೂರೋಕಾರ್ಬನ್ ಕುರಿತು ಇದಕ್ಕಿಂತ ಸಂಕ್ಷಿಪ್ತವಾದ ವಿಮರ್ಶೆ ಮತ್ತೊಂದಿರಲಾರದು. ಅಡ್ಡಬಿದ್ದವನು ಎದ್ದಾಗ ದಾರವು ಅವನ ಅಂಗಿಯ ಗುಂಡಿಗೆ ಅಂಟಿಕೊಂಡಿತ್ತು.

ಹಾಗೆ ಸಿಗದೆ ಉಳಿದ ತುಂಡುಗಳ ಕಥೆ ನಗುವಂಥದ್ದಲ್ಲ. ನೈಲಾನಾಗಲಿ ಫ್ಲೂರೋಕಾರ್ಬನ್ನಾಗಲಿ ಬೇಗ ಕೊಳೆಯುವ ವಸ್ತುವಲ್ಲ. ದಡದಲ್ಲಿ ಮೇಯುವ ಬೆಳ್ಳಕ್ಕಿಯ ಕಾಲಿಗೆ ಅದು ಸುತ್ತಿಕೊಂಡರೆ, ಹಕ್ಕಿ ಎಳೆದಷ್ಟೂ ಬಿಗಿಯುತ್ತದೆ. ದಾರದ ಅಂಕಗಳನ್ನು ಬಾಯಿಪಾಠ ಮಾಡಿದ ಎಷ್ಟೋ ಹವ್ಯಾಸಿಗಳು ಕತ್ತರಿಸಿದ ತುದಿಯನ್ನು ಜೇಬಿಗೆ ಹಾಕಿಕೊಳ್ಳುವಷ್ಟು ಕಲಿತಿಲ್ಲವೆಂಬುದು ನಾಚಿಕೆಯ ಸಂಗತಿ.

ಆದುದರಿಂದ ಮಳೆಗಾಲದ ಕೃಷ್ಣೆಗೆ ದಪ್ಪ ನೈಲಾನು ಸಾಕು. ಬಾಯಿತುಂಬ ಸಣ್ಣ ಹಲ್ಲುಗಳಿರುವ ಬಾಳೆಮೀನಿಗೆ ಉಕ್ಕಿನ ತಂತಿ ಬೇಕು. ಬೇಸಿಗೆಯಲ್ಲಿ ಮಡುವಿನ ನೀರು ತಿಳಿಯಾದಾಗ ಫ್ಲೂರೋಕಾರ್ಬನ್ನನ್ನು ಕೊಳ್ಳಬಯಸುವವರು ಕೊಳ್ಳಲಿ, ಆದರೆ ಗಂಟನ್ನು ಬಂಡೆಯ ಮೇಲಲ್ಲ, ಬಿಳಿ ಪಂಚೆಯೊಂದನ್ನು ಹಾಸಿ, ಅದೂ ಕೆಮ್ಮಿಲ್ಲದ ದಿನ ಹಾಕಲಿ.